ಲ್ಯಾಪ್‌ಟಾಪ್ ಜೋಡಿಸುವ ಮುಂಚೆ ಮೀಟರ್ ಹಿಡೀರಿ

ಮೆಕ್ಕೆಜೋಳದ ಸೀಸನ್‌ನಲ್ಲಿ ಲೋಡ್ ತುಂಬಿ ನಿಂತ ಗಾಡಿಯಲ್ಲಿ ಹಳದಿ ದೀಪ ಹತ್ತಿಕೊಂಡರೆ ಡ್ರೈವರ್ ಕೇಳುವುದು ಒಂದೇ ಮಾತು: "ಅಣ್ಣಾ, ಲೈಟ್ ಆರ್ಸಿ ಕೊಡ್ರಿ, ಗಾಡಿ ಬಿಡ್ಬೇಕು." ಲ್ಯಾಪ್‌ಟಾಪ್ ಬರುತ್ತದೆ, ಕೇಬಲ್ ಚುಚ್ಚುತ್ತಾರೆ, ಕೋಡ್ ಅಳಿಸುತ್ತಾರೆ. ಅಳಿಸಿದರೂ ಹೋಗದಿದ್ದರೆ ಒಳಗಿನ ಯಾವುದೋ ಸೆಟ್ಟಿಂಗ್ ತಿರುಗಿಸುತ್ತಾರೆ. ದೀಪ ಆರುತ್ತದೆ. ದಾವಣಗೆರೆಯಿಂದ ಹೊರಟ ಗಾಡಿ ಹಿರಿಯೂರು ದಾಟುವಷ್ಟರಲ್ಲಿ ಅದೇ ದೀಪ ಮತ್ತೆ ಹತ್ತುತ್ತದೆ, ಈ ಸಲ ಪಿಕಪ್ಪೂ ಬಿದ್ದಿರುತ್ತದೆ.

2020ರ ಏಪ್ರಿಲ್ 1ಕ್ಕೆ ಹೊಗೆ ಮಿತಿಯ ಹೊಸ ನಿಯಮ ಬಿಎಸ್-6 ಬಂದ ಮೇಲೆ ಲ್ಯಾಪ್‌ಟಾಪ್ ಇಲ್ಲದೆ ಲಾರಿ ರಿಪೇರಿ ಆಗುವುದಿಲ್ಲ, ಅದನ್ನು ಒಪ್ಪಲೇಬೇಕು. ಪಿ.ಬಿ. ರಸ್ತೆಯ ಗ್ಯಾರೇಜಿನ ಹುಡುಗರು ಅದನ್ನು ಕಲಿತಿರುವುದು ಸಂತೋಷದ ವಿಷಯ. ತಕರಾರು ಇರುವುದು ಓದುವ ಮೊದಲೇ ಬರೆಯುವ ಅವಸರದ ಬಗ್ಗೆ.

ಲ್ಯಾಪ್‌ಟಾಪ್‌ನ ಆ ತಂತ್ರಾಂಶದಲ್ಲಿ ಮಾಡುವ ಕೆಲಸ ಮೂರು ಥರ. ಒಂದು, ಕೋಡ್ ಮತ್ತು ಓಡುವ ಗಾಡಿಯ ಅಂಕಿಗಳನ್ನು ಓದುವುದು. ಇದರಿಂದ ಗಾಡಿಗೆ ಅಪಾಯವಿಲ್ಲ. ಎರಡು, ಪ್ಯಾರಾಮೀಟರ್ ಬದಲಿಸುವುದು: ಟೈರ್ ಅಳತೆ, ಹಿಂದಿನ ಹೌಸಿಂಗ್‌ನ ರೇಶಿಯೋ (ಚಕ್ರ ಒಂದು ಸುತ್ತು ಸುತ್ತಲು ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಅಂಕಿ), ವೇಗಮಿತಿ, ಐಡಲ್ ಆರ್‌ಪಿಎಂ, ಟಿಪ್ಪರ್‌ನ ತೊಟ್ಟಿ ಎತ್ತಲು ಎಂಜಿನ್ ಬಲ ಕೊಡುವ ಪಿಟಿಓದ ವೇಗ, ಇಂಜೆಕ್ಟರ್ ಕೋಡ್. ಮೂರು, ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದರ ಒಳಗಿನ ಪ್ರೋಗ್ರಾಮನ್ನೇ ಹೊಸದಾಗಿ ತುಂಬುವುದು, ಅಂದರೆ ಫ್ಲ್ಯಾಶ್. ಈ ಮೂರಕ್ಕೂ 'ಸ್ಕ್ಯಾನ್ ಮಾಡಿದೆ' ಅಂತ ಒಂದೇ ಹೆಸರು ಹೇಳಿ ಬಿಲ್ ಮಾಡುತ್ತಾರೆ. ಮಾಲೀಕರಾದವರು ಇವತ್ತಿನಿಂದಲೇ ಕೇಳಬೇಕಾದ ಪ್ರಶ್ನೆ: ಬರೀ ಓದಿದ್ದೋ, ಬರೆದದ್ದೋ? ಬರೆದಿದ್ದರೆ ಏನಿತ್ತು, ಏನಾಯಿತು?

ಕೋಡ್ ಓದುವುದರಲ್ಲೂ ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು. ದೊಡ್ಡ ಗಾಡಿಗಳಲ್ಲಿ ಕೋಡ್‌ಗೆ ಎರಡು ಭಾಗ. ಎಸ್‌ಪಿಎನ್ ಅಂದರೆ ಯಾವ ಭಾಗ, ಎಫ್‌ಎಂಐ ಅಂದರೆ ಅದಕ್ಕೆ ಏನಾಗಿದೆ. ಎಸ್‌ಪಿಎನ್ 3226 ಬಂತು ಅನ್ನಿ. ಅದು ಸೈಲೆನ್ಸರ್‌ನ ಹೊರಬಾಯಿಯಲ್ಲಿ ಹೊಗೆಯ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್. ಇಷ್ಟು ನೋಡಿದ ಕೂಡಲೇ ಸೆನ್ಸರ್ ಹೋಗಿದೆ ಅಂತ ತೀರ್ಮಾನಿಸಿ ಹೊಸದು ತರಿಸುತ್ತಾರೆ. ಪಕ್ಕದ ಅಂಕಿ ನೋಡಿ. ಎಫ್‌ಎಂಐ 9 ಇದ್ದರೆ ಸೆನ್ಸರ್‌ನಿಂದ ಸಂದೇಶ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ ಅಂತ ಅರ್ಥ. ಈ ಸೆನ್ಸರ್ ತನ್ನದೇ ಪುಟ್ಟ ಬೋರ್ಡು ಇಟ್ಟುಕೊಂಡು ಕ್ಯಾನ್ ವೈರಿನ ಮೇಲೆ, ಅಂದರೆ ಗಾಡಿಯ ಕಂಪ್ಯೂಟರ್‌ಗಳೆಲ್ಲ ಸಂದೇಶ ಹಂಚಿಕೊಳ್ಳುವ ಜೋಡಿ ವೈರಿನ ಮೇಲೆ, ಮಾತಾಡುವಂಥದ್ದು. ಫ್ಯೂಸ್ ಹೋದರೂ, ಅರ್ಥ್ ಸಡಿಲವಾದರೂ, ಕನೆಕ್ಟರ್ ಪಿನ್ ಹಸಿರುಗಟ್ಟಿದರೂ ಅದರ ಮಾತು ನಿಲ್ಲುತ್ತದೆ. ಭೀಮಸಮುದ್ರದ ಕಡೆ ಅದಿರು ಹೊಡೆಯುವ ಗಾಡಿಗಳಲ್ಲಿ ಚಾಸಿ ಪಕ್ಕದ ಕನೆಕ್ಟರ್ ಬಿಚ್ಚಿದರೆ ಕೆಂಪು ಧೂಳು ತೇವದ ಜೊತೆ ಸೇರಿ ಕೆಸರಾಗಿ ಕೂತಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ರಬ್ಬರ್ ಸೀಲ್ ಬದಲಿಸಿ, ಪಿನ್ ಬಿಗಿ ಮಾಡುವ ಕೆಲಸಕ್ಕೆ ದುಬಾರಿ ಸೆನ್ಸರ್ ಯಾಕೆ? ಇನ್ನು ಎಫ್‌ಎಂಐ 3 ಅಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲೆ, 4 ಅಂದರೆ ಕೆಳಗೆ, 5 ಅಂದರೆ ಕರೆಂಟ್ ಕಮ್ಮಿ, ಸಾಮಾನ್ಯವಾಗಿ ಎಲ್ಲೋ ವೈರ್ ಕಡಿದಿದೆ. ಈ ನಾಲ್ಕು ಅಂಕಿ ಬಾಯಿಪಾಠ ಇದ್ದವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಲ್ಯಾಪ್‌ಟಾಪ್ ಗಾಡಿಯನ್ನು ಹಿಡಿಯುತ್ತಲೇ ಇಲ್ಲ, ಅಥವಾ ಒಂದೇ ಸಲಕ್ಕೆ ಹತ್ತಾರು ಕೋಡ್ ಬಂದಿವೆ ಅನ್ನುವಾಗ ಕಡಿಮೆ ಬೆಲೆಯ ಮಲ್ಟಿಮೀಟರ್ ಕೂಡ ಸತ್ಯ ಹೇಳುತ್ತದೆ. ಕೀ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಮೇನ್ ಸ್ವಿಚ್ ಆಫ್ ಮಾಡಿ. 16 ಪಿನ್ನಿನ ಓಬಿಡಿ ಸಾಕೆಟ್ ಆದರೆ 6 ಮತ್ತು 14ನೇ ಪಿನ್ ನಡುವೆ, 9 ಪಿನ್ನಿನ ದುಂಡು ಸಾಕೆಟ್ ಆದರೆ ಸಿ ಮತ್ತು ಡಿ ನಡುವೆ ಓಮ್ ಅಳೆಯಿರಿ. 60 ಓಮ್ ಆಸುಪಾಸು ಬರಬೇಕು. ವೈರಿನ ಎರಡೂ ತುದಿಗೆ 120ರ ಒಂದೊಂದು ರೆಸಿಸ್ಟರ್ ಇರುವುದರಿಂದ ಈ 60. 120 ತೋರಿಸಿದರೆ ಒಂದು ತುದಿ ಕಳಚಿದೆ ಅಥವಾ ನಡುವೆ ಎಲ್ಲೋ ವೈರ್ ಕಡಿದಿದೆ. ಸೊನ್ನೆಗೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. 40 ಬಂದರೆ ಯಾರೋ ಮೂರನೆಯ ರೆಸಿಸ್ಟರ್ ತಂದು ಸೇರಿಸಿದ್ದಾರೆ. ನಮ್ಮ ಕಡೆ ಈ 40 ಕಂಡರೆ ಮೊದಲು ಆಮೇಲೆ ಕೂರಿಸಿದ ಜಿಪಿಎಸ್ ಡಬ್ಬಿಯನ್ನು ಹುಡುಕಿ. ಡೀಸೆಲ್ ಲೆಕ್ಕ ಬೇಕು ಅಂತ ಕ್ಯಾನ್ ವೈರ್ ಸುಲಿದು ಟೇಪ್ ಸುತ್ತಿ ಜೋಡಿಸಿರುತ್ತಾರೆ. ಅದನ್ನು ಕಳಚಿ ಮತ್ತೆ ಅಳೆದರೆ ಉತ್ತರ ಸಿಗುತ್ತದೆ.

ಬ್ಯಾಟರಿ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಫ್ಲ್ಯಾಶ್ ಹಾಕುವಾಗ ಇಸಿಎಂ ಸಾಯುವುದು ಬಹುಪಾಲು ಇದರಿಂದಲೇ. 24 ವೋಲ್ಟ್ ಗಾಡಿಯಲ್ಲಿ 12ರ ಎರಡು ಬ್ಯಾಟರಿ ಸಾಲಾಗಿ ಇರುತ್ತವೆ. ಎರಡನ್ನೂ ಬೇರೆ ಬೇರೆ ಅಳೆಯಿರಿ. ಚಾರ್ಜ್ ಆಗಿ ತಣಿದ ಬ್ಯಾಟರಿಗೆ 12.6 ಆಸುಪಾಸು ಇರಬೇಕು, ಎರಡರ ನಡುವೆ ಹೆಚ್ಚು ವ್ಯತ್ಯಾಸ ಇರಬಾರದು. ಒಂದು 12.6 ಇದ್ದು ಇನ್ನೊಂದು 12.1 ಇದ್ದರೆ ಕ್ಯಾಬಿನ್‌ನ ಟೇಪ್, ಫ್ಯಾನ್, ಮೊಬೈಲ್ ಚಾರ್ಜರ್‌ಗೆ ನಡುವಿನಿಂದ 12 ವೋಲ್ಟ್ ಎಳೆದಿದ್ದಾರೆ ಅಂತ ಅನುಮಾನಿಸಿ. ಆ ಒಂದೇ ಬ್ಯಾಟರಿ ದಿನವೂ ಸೊರಗುತ್ತದೆ, ಇನ್ನೊಂದು ಮಿತಿಮೀರಿ ಚಾರ್ಜ್ ಆಗಿ ನೀರು ಕುದಿಸುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿಕೊಂಡರೆ ಈ ತಾಪತ್ರಯವೇ ಇಲ್ಲ.

ಫ್ಲ್ಯಾಶ್ ಮಾಡುವಾಗ ಎಂಜಿನ್ ಓಡುವುದಿಲ್ಲ, ಕೀ ಮಾತ್ರ ಆನ್. ಅರ್ಧ ಗಂಟೆ, ಕೆಲವು ಸಲ ಅದಕ್ಕೂ ಹೆಚ್ಚು ಹೊತ್ತು ಬ್ಯಾಟರಿ ಒಂದೇ ಭಾರ ಹೊರಬೇಕು. ಹೆಡ್‌ಲೈಟ್, ಬ್ಲೋವರ್, ಟೇಪ್ ಎಲ್ಲ ಬಂದ್ ಮಾಡಿ, ಸ್ಥಿರ ವೋಲ್ಟೇಜ್ ಕೊಡುವ ಸಪ್ಲೈ ಯೂನಿಟ್ ಜೋಡಿಸಿ. ಬ್ಯಾಟರಿ ಅಂಗಡಿಯ ಹಳೆಯ ಫಾಸ್ಟ್ ಚಾರ್ಜರ್ ಬೇಡ, ಅದರ ವೋಲ್ಟೇಜ್ ನಡುಗುತ್ತದೆ. ಲ್ಯಾಪ್‌ಟಾಪ್‌ಗೆ ಅದರದೇ ಚಾರ್ಜರ್ ಹಾಕಿ, ಸ್ಲೀಪ್ ಬಂದ್ ಮಾಡಿ, ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ. ಬ್ಲೂಟೂತ್‌ನಲ್ಲಿ ಫ್ಲ್ಯಾಶ್ ಬೇಡವೇ ಬೇಡ, ಯುಎಸ್‌ಬಿ ಕೇಬಲ್ ಇರಲಿ, ಅದನ್ನು ಯಾರೂ ಎಡವದ ಹಾಗೆ ಸೀಟಿನ ಕೆಳಗೆ ಸರಿಸಿ. ಶೇಕಡಾ 70ಕ್ಕೆ ನಿಂತುಹೋದರೆ ಗಾಬರಿಯಾಗಿ ಕೀ ತಿರುಗಿಸಿ ಕೇಬಲ್ ಕೀಳಬೇಡಿ. ಎಲ್ಲ ಹಾಗೇ ಇಟ್ಟು, ತಂತ್ರಾಂಶ ಮತ್ತೆ ಪ್ರಯತ್ನಿಸಲು ಕೇಳಿದರೆ ಅದೇ ಫೈಲ್‌ನಿಂದ ಮುಂದುವರಿಸಿ. ಬಹಳ ಸಲ ಅಲ್ಲೇ ಉಳಿಯುತ್ತದೆ. ಕಿತ್ತರೆ ಬೋರ್ಡನ್ನು ಹೊರಗೆ ತೆಗೆದು ಮೇಜಿನ ಮೇಲೆ ಬದುಕಿಸಬೇಕಾದ ಪಾಡು.

ಇನ್ನು ಪ್ಯಾರಾಮೀಟರ್. ಚಿಕ್ಕ ಕೆಲಸ ಅಂತ ಕಾಣುವ ಇದರಲ್ಲೇ ಹೆಚ್ಚು ಹಾನಿ ಆಗುತ್ತಿರುವುದು. ಹಿಂದಿನ ಕ್ರೌನ್ ಪಿನಿಯನ್ ಮುರಿದಾಗ ಗುಜರಿಯಿಂದ ಸಿಕ್ಕ ಹೌಸಿಂಗ್ ಕೂರಿಸುತ್ತಾರೆ, ಇಸಿಎಂಗೆ ಅದು ಗೊತ್ತೇ ಇರುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಗಾಡಿಯಲ್ಲಿ ಮೊದಲು 6.17 ರೇಶಿಯೋ ಇತ್ತು, ಇಸಿಎಂನಲ್ಲೂ 6.17 ಬರೆದಿದೆ. ಈಗ ಕೂರಿಸಿದ್ದು 5.57. ಸ್ಪೀಡ್ ಸೆನ್ಸರ್ ಗೇರ್‌ಬಾಕ್ಸ್‌ನ ಹಿಂಬದಿಯಲ್ಲಿದ್ದರೆ ಅದು ಎಣಿಸುವುದು ಜಾಯಿಂಟ್ ಶಾಫ್ಟಿನ ಸುತ್ತುಗಳನ್ನು. ಅದನ್ನು ಇಸಿಎಂ 6.17ರಿಂದ ಭಾಗಿಸಿ ಚಕ್ರದ ಸುತ್ತು ತೆಗೆಯುತ್ತದೆ. ಚಕ್ರ ನಿಜವಾಗಿ ತಿರುಗುವುದು ಅದಕ್ಕಿಂತ ಹೆಚ್ಚು. ಗಾಡಿ 80ರಲ್ಲಿ ಓಡುವಾಗ ಮೀಟರ್ 72 ತೋರಿಸುತ್ತದೆ. ವೇಗಮಿತಿ 80ಕ್ಕೆ ಕೂರಿಸಿದ್ದರೆ ಗಾಡಿ 88ರ ಮೇಲೆ ಹೋಗುವವರೆಗೂ ಅದು ತಡೆಯುವುದಿಲ್ಲ. ಕಿಲೋಮೀಟರ್ ಲೆಕ್ಕವೂ ಶೇಕಡಾ 10ರಷ್ಟು ಕಮ್ಮಿ ಬರುತ್ತದೆ. ಆವರೇಜ್ ಬಿದ್ದಿದೆ ಅಂತ ಮಾಲೀಕ ಡ್ರೈವರ್ ಮೇಲೆ ಡೀಸೆಲ್ ಕಳ್ಳತನದ ಗುಮಾನಿ ಪಡುತ್ತಾನೆ! ಪಾಪ, ಆ ಡ್ರೈವರ್‌ಗೆ ಈ ಲೆಕ್ಕ ಹೇಳಿಕೊಡುವವರಾದರೂ ಯಾರು?

ಸರಿಪಡಿಸುವ ದಾರಿ ಸುಲಭ. ಹೌಸಿಂಗ್ ಮೇಲಿನ ತಗಡಿನಲ್ಲಿ ರೇಶಿಯೋ ಓದಿ. ತಗಡು ಇಲ್ಲದಿದ್ದರೆ ಕ್ರೌನ್ ಹಲ್ಲು ಎಣಿಸಿ ಪಿನಿಯನ್ ಹಲ್ಲಿನಿಂದ ಭಾಗಿಸಿ. 39ಕ್ಕೆ 7 ಆದರೆ 5.57. ಹಬ್ಬಿನಲ್ಲೂ ರಿಡಕ್ಷನ್ ಇರುವ ಟಿಪ್ಪರ್ ಆದರೆ ಅದನ್ನೂ ಗುಣಿಸಬೇಕು. ಟೈರ್ ಸುತ್ತಳತೆಗೆ ಪುಸ್ತಕ ಬೇಕಿಲ್ಲ: ಲೋಡ್ ಇರುವಾಗ, ಗಾಳಿ ಸರಿ ಇಟ್ಟು, ಟೈರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ ಗಾಡಿಯನ್ನು ನಿಧಾನ ಮುಂದೆ ಬಿಡಿ. ಚಕ್ರ ಐದು ಸುತ್ತು ಸುತ್ತಿದ ದೂರವನ್ನು ಟೇಪಿನಲ್ಲಿ ಅಳೆದು ಐದರಿಂದ ಭಾಗಿಸಿ. 10.00-20 ಟೈರಿಗೆ 3.2 ಮೀಟರ್ ಆಸುಪಾಸು ಬರುತ್ತದೆ. ಬದಲಿಸಿದ ಮೇಲೆ ಜಿಪಿಎಸ್ ಇರುವ ಮೊಬೈಲ್ ಹಿಡಿದು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ ತಾಳೆ ನೋಡಿ.

ವೇಗಮಿತಿ ವಿಷಯದಲ್ಲಿ ನನ್ನ ಮಾತು ಖಡಕ್. ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮದ ಪ್ರಕಾರ ಸರಕು ಗಾಡಿಗೆ ಮಿತಿ 80, ಟ್ಯಾಂಕರ್ ಮತ್ತು ಡಂಪರ್‌ಗಳಿಗೆ 60. ಅದನ್ನು ಏರಿಸಿಕೊಡಿ ಅಂತ ಬರುವವರಿಗೆ ಇಲ್ಲ ಅನ್ನಿ. ತುಂಬಿದ ಲಾರಿ ನಿಲ್ಲಲು ಎಷ್ಟು ಜಾಗ ಬೇಕು ಅಂತ ಗೊತ್ತಿರುವ ಕೈ ಆ ಅಂಕಿಯನ್ನು ಮುಟ್ಟಬಾರದು.

ಇಂಜೆಕ್ಟರ್ ಬದಲಿಸಿದಾಗ ಅದರ ತಲೆಯ ಮೇಲೆ ಕೊರೆದ ಕೋಡ್ ಅನ್ನು ಅದೇ ಸಿಲಿಂಡರ್‌ನ ಜಾಗದಲ್ಲಿ ಬರೆಯಬೇಕು. ಪ್ರತಿ ಇಂಜೆಕ್ಟರ್ ಒಂದೇ ಹೊತ್ತು ತೆರೆದರೂ ಚೂರು ಹೆಚ್ಚು ಕಮ್ಮಿ ಡೀಸೆಲ್ ಬಿಡುತ್ತದೆ. ಆ ವ್ಯತ್ಯಾಸ ಸರಿದೂಗಿಸುವುದೇ ಆ ಕೋಡ್. ಕೂರಿಸುವ ಮುಂಚೆಯೇ ಒಂದೊಂದರ ಫೋಟೋ ತೆಗೆದುಕೊಳ್ಳಿ, ಕವರ್ ಮುಚ್ಚಿದ ಮೇಲೆ ಕಾಣಿಸುವುದಿಲ್ಲ. ಸೊನ್ನೆಯನ್ನು ಓ ಅಂತಲೂ 8 ಅನ್ನು ಬಿ ಅಂತಲೂ ಓದಿ ತಪ್ಪು ಬರೆಯುವುದು ಸಾಮಾನ್ಯ. ತಪ್ಪಾದರೆ ಐಡಲ್‌ನಲ್ಲಿ ಗಾಡಿ ಕುಂಟುತ್ತದೆ, ಹೊಗೆ ಬರುತ್ತದೆ, ಒಂದು ಸಿಲಿಂಡರ್ ಹೆಚ್ಚು ಕಾದು ಪಿಸ್ಟನ್‌ಗೆ ಕುತ್ತು.

ಹೊಗೆ ಶುದ್ಧಿಗೆ ಸೈಲೆನ್ಸರ್ ಒಳಗೆ ಚಿಮ್ಮಿಸುವ ಯೂರಿಯಾ ದ್ರವದ ದೀಪದ ವಿಷಯಕ್ಕೆ ಜನ ಅತಿ ಹೆಚ್ಚು ದುಡ್ಡು ಕಳೆಯುತ್ತಿದ್ದಾರೆ. ಎಸ್‌ಪಿಎನ್ 4364, ಎಫ್‌ಎಂಐ 18 ಅಂದರೆ ಸೈಲೆನ್ಸರ್ ಒಳಗೆ ಹೊಗೆ ಶುದ್ಧಿ ಸಾಕಷ್ಟು ಆಗುತ್ತಿಲ್ಲ. ಇದನ್ನು ಲ್ಯಾಪ್‌ಟಾಪ್‌ನಲ್ಲಿ ರೀಸೆಟ್ ಮಾಡಿ ಕಳಿಸಿದರೆ ವಾರದೊಳಗೆ ವಾಪಸ್. ಮೊದಲು ಟ್ಯಾಂಕಿನ ದ್ರವ ನೋಡಿ. ಯೂರಿಯಾ ಶೇಕಡಾ 32.5 ಇರಬೇಕು, ರಿಫ್ರ್ಯಾಕ್ಟೋಮೀಟರ್ ಮೇಲೆ ಒಂದು ಹನಿ ಬಿಟ್ಟರೆ ಗೊತ್ತಾಗುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಮೂಟೆ ತಂದು ಬೋರ್‌ವೆಲ್ ನೀರಿನಲ್ಲಿ ಕಲಸುವವರು ಇದ್ದಾರೆ. 2015ರಿಂದ ದೇಶದಲ್ಲಿ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಕಡ್ಡಾಯ. ಬೆಳೆಗೆ ಅದು ಒಳ್ಳೆಯದು, ಸೈಲೆನ್ಸರ್ ಒಳಗಿನ ಕ್ಯಾಟಲಿಸ್ಟ್‌ಗೆ ವಿಷ. ಚಿತ್ರದುರ್ಗದ ಗಡಸು ನೀರಿನ ಸುಣ್ಣದಂಶ ಆ ದ್ರವ ಚಿಮ್ಮಿಸುವ ಡೋಸರ್ ಬಾಯಲ್ಲಿ ಕಲ್ಲಾಗುತ್ತದೆ.

ಡೋಸರ್ ಕಟ್ಟಿಕೊಳ್ಳಲು ಇನ್ನೊಂದು ಕಾರಣ ಮೇನ್ ಸ್ವಿಚ್. ಕೀ ಆಫ್ ಮಾಡಿದ ಮೇಲೂ ಯೂರಿಯಾ ಪಂಪ್ ಒಂದಿಷ್ಟು ಹೊತ್ತು ಗುಂಯ್ ಅನ್ನುತ್ತಿರುತ್ತದೆ, ಪೈಪಿನಲ್ಲಿ ಉಳಿದದ್ದನ್ನು ಟ್ಯಾಂಕಿಗೆ ವಾಪಸ್ ಎಳೆಯುತ್ತಿರುತ್ತದೆ. ಕೀ ತೆಗೆದ ಕೂಡಲೇ ಮೇನ್ ಸ್ವಿಚ್ ತಿರುಗಿಸಿದರೆ ಆ ದ್ರವ ಬಿಸಿ ಡೋಸರ್‌ನಲ್ಲೇ ಒಣಗಿ ಬಿಳಿ ಹರಳಾಗುತ್ತದೆ. ಎರಡು ಮೂರು ನಿಮಿಷ ಕಾಯಲು ಡ್ರೈವರ್‌ಗೆ ಹೇಳಿ. ಕಟ್ಟಿಕೊಂಡಿದ್ದರೆ ಬಿಸಿ ನೀರಿನಲ್ಲಿ ನೆನೆಸಿದರೆ ಹರಳು ಕರಗುತ್ತದೆ. ಕಂಬಿ ಹಾಕಿ ಕೆದಕಿದರೆ ತೂತು ಹಿಗ್ಗಿ ಡೋಸರ್ ಕೆಲಸಕ್ಕೆ ಬಾರದು.

ಕಷ್ಟವೇ ಬೇಡ ಅಂತ ಯೂರಿಯಾ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಲ್ಲ ಆಫ್ ಮಾಡಿಕೊಡುವ ಫೈಲ್ ಹಾಕಿಸುವವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಒಪ್ಪಿಗೆಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಎರಡೂ ಆಗಬಹುದು. 190(2) ಮಾಲಿನ್ಯಕ್ಕೆ ಬೇರೆ. ಆ ಫೈಲ್ ಹಾಕಿದವರು ಮೂಲ ಫೈಲ್ ಉಳಿಸಿರುವುದಿಲ್ಲ, ನಾಳೆ ಗಾಡಿ ಮಾರುವಾಗ ವಾಪಸ್ ತರಲು ದಾರಿಯಿಲ್ಲ. ನಾವು ಉಸಿರಾಡುವ ಗಾಳಿಯ ಮಾತು ಬೇರೆ ಇದೆ. ಹೆದ್ದಾರಿ ಪಕ್ಕದ ಊರಿನ ಮಕ್ಕಳು ಅದೇ ಹೊಗೆ ಕುಡಿಯುತ್ತಾರೆ.

ಜನ ಈ ಅಡ್ಡದಾರಿ ಹಿಡಿಯಲು ಕಂಪನಿಗಳೂ ಕಾರಣ, ಇದನ್ನು ಹೇಳದೆ ಬಿಡಲಾರೆ. ಪ್ಯಾರಾಮೀಟರ್ ಬರೆಯುವ ಪಾಸ್‌ವರ್ಡ್ ಅಧಿಕೃತ ಡೀಲರ್ ಕೈಯಲ್ಲೇ ಇಟ್ಟುಕೊಂಡರೆ, ರೇಶಿಯೋ ತಿದ್ದುವಂಥ ಹತ್ತು ನಿಮಿಷದ ಕೆಲಸಕ್ಕೂ ಗಾಡಿ ದಿನಗಟ್ಟಲೆ ಸರದಿಯಲ್ಲಿ ನಿಲ್ಲಬೇಕು. ಒಂದೇ ಲಾರಿ, ಅದರ ಮೇಲೆ ಸಾಲ, ತಿಂಗಳ ಕಂತು ಇರುವವನು ಏನು ಮಾಡಬೇಕು? ಆಗ ನಕಲಿ ಅಡಾಪ್ಟರ್, ಕ್ರ್ಯಾಕ್ ಮಾಡಿದ ತಂತ್ರಾಂಶದ ಕಡೆ ಕೈ ಹೋಗುತ್ತದೆ. ಅಂಥ ಅಡಾಪ್ಟರ್ ಕೋಡ್ ಓದಲು ಸಾಲಬಹುದು, ಫ್ಲ್ಯಾಶ್ ನಡುವೆ ಕೈಕೊಡುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಚೌಕಟ್ಟಿಗೆ ಕೈ ಹಾಕಿದಾಗ ಆರಿಸಿಕೊಂಡ ಕ್ಷೇತ್ರಗಳಲ್ಲಿ ವಾಹನಗಳೂ ಇದ್ದವು. ತರಬೇತಿ ಪಡೆದ ಹೊರಗಿನ ಗ್ಯಾರೇಜಿಗೆ ಕಂಪನಿಗಳು ಶುಲ್ಕ ತೆಗೆದುಕೊಂಡು ಅಸಲಿ ತಂತ್ರಾಂಶ ಕೊಡಲಿ, ಯಾರು ಯಾವಾಗ ಏನು ಬರೆದರು ಅನ್ನುವ ದಾಖಲೆ ಸರ್ವರ್‌ನಲ್ಲಿ ಇರಲಿ. ಲಾರಿ ಮಾಲೀಕರ ಸಂಘಗಳು ಡೀಸೆಲ್ ದರ, ಟೋಲ್ ಜೊತೆ ಇದನ್ನೂ ಬೇಡಿಕೆ ಪಟ್ಟಿಗೆ ಸೇರಿಸಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಂದು ಹಾಳೆ. ಬರೆಯುವ ಮುಂಚೆ ಎಲ್ಲ ಪ್ಯಾರಾಮೀಟರ್‌ಗಳನ್ನೂ ಫೈಲಾಗಿ ಉಳಿಸಿ, ಕಮಿನ್ಸ್ ಎಂಜಿನ್‌ಗಳ ಇನ್‌ಸೈಟ್ ತಂತ್ರಾಂಶದಲ್ಲಾದರೆ ಟೆಂಪ್ಲೇಟ್ ಆಗಿ ಉಳಿಸಲು ಬರುತ್ತದೆ. ಫೈಲ್ ಹೆಸರಿನಲ್ಲಿ ಗಾಡಿ ನಂಬರ್, ತಾರೀಖು ಇರಲಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಕೀ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಮತ್ತೆ ಓದಿ ನಿಂತಿದೆಯಾ ನೋಡಿ. ಆಮೇಲೆ ಹಾಳೆಯ ಮೇಲೆ ಕೋಡ್, ಕಿಲೋಮೀಟರ್, ಹಳೆಯ ಅಂಕಿ, ಹೊಸ ಅಂಕಿ, ಬದಲಿಸಿದ ಕಾರಣ, ಮಾಡಿದವರ ಸಹಿ. ಒಂದು ಪ್ರತಿ ಗ್ಯಾರೇಜಿನಲ್ಲಿ, ಇನ್ನೊಂದು ಆರ್‌ಸಿ ಮತ್ತು ಪರ್ಮಿಟ್ ಇಡುವ ಅದೇ ಪ್ಲಾಸ್ಟಿಕ್ ಕವರಿನಲ್ಲಿ, ಕ್ಯಾಬಿನ್ ಒಳಗೆ.