ಕೈಗೆಟುಕಿದ ದ್ರಾಕ್ಷಿಯೂ ಹುಳಿ

ಕೈಗೆಟುಕದ ದ್ರಾಕ್ಷಿ ಹುಳಿ ಎನ್ನುವುದು ನರಿಯ ಮಾತು. ತನ್ನದೇ ಹೆಸರಿನ ಬಿಳಿ ವೈನು ಮಾಡುವ ಫ್ರಾನ್ಸಿನ ಶಾಬ್ಲಿಯಲ್ಲಿ ಕೈಗೆಟುಕಿದ ದ್ರಾಕ್ಷಿಯೂ ಹುಳಿಯೇ. ಅಲ್ಲಿಯವರು ಅದನ್ನು ಮುಚ್ಚಿಡುವುದಿಲ್ಲ, ಅದಕ್ಕೇ ದುಡ್ಡು ಎಣಿಸಿಕೊಳ್ಳುತ್ತಾರೆ. ಹೆಸರಿನ ಕೊನೆಯ ‘ಸ್’ ಬರೆಯುವುದಕ್ಕಷ್ಟೇ ಇರುವುದು. ‘ಚಾಬ್ಲಿಸ್’ ಎಂದು ಕೇಳಿದರೂ ಬಾಟಲಿ ಬರುತ್ತದೆ, ಜೊತೆಗೆ ವೇಟರನ ಒಂದು ಮುಗುಳ್ನಗೆಯೂ.

ನಮ್ಮ ನಾಲಗೆಗೆ ಹುಳಿ ಅಂದರೆ ಒಂದೇ ಅಲ್ಲ. ಹುಣಸೆಯದು ಬೇರೆ, ನಿಂಬೆಯದು ಬೇರೆ, ಮೂರು ದಿನದ ಮೊಸರಿನದು ಬೇರೆ. ಈ ಲೆಕ್ಕ ಗೊತ್ತಿದ್ದವರಿಗೆ ಶಾಬ್ಲಿ ಅರ್ಧ ಅರ್ಥವಾದಂತೆಯೇ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ, ಹುಣಸೆಹಣ್ಣಿನದೂ ಅದೇ. ಜೊತೆಗೆ ಹಸಿರು ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ. ರಸ ಹುದುಗಿ ವೈನಾದ ಮೇಲೆ ಬ್ಯಾಕ್ಟೀರಿಯಾಗಳು ಈ ಸೇಬಿನ ಹುಳಿಯನ್ನು ಮೊಸರಿನ ಹುಳಿಯಾಗಿ, ಅಂದರೆ ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ. ಹಲ್ಲು ಜುಮ್ಮೆನ್ನಿಸುವ ಚೂಪು ಕೊಂಚ ಮೊಂಡಾಗುತ್ತದೆ. ಶಾಬ್ಲಿಯ ಬಹುತೇಕ ವೈನುಗಳಲ್ಲಿ ಇದು ನಡೆಯುತ್ತದೆ. ಆದರೂ ಬಾಯಲ್ಲಿ ನೀರೂರಿಸುವಷ್ಟು ಹುಳಿ ಉಳಿದೇ ಇರುತ್ತದೆ.

ಕಾರಣ ಚಳಿ. ಶಾಬ್ಲಿ ಬರ್ಗಂಡಿ ಎಂಬ ವೈನ್ ಸೀಮೆಗೆ ಸೇರಿದ್ದರೂ ಅದರ ಉತ್ತರದ ತುದಿಯಲ್ಲಿದೆ. ಬರ್ಗಂಡಿಯ ವೈನ್ ರಾಜಧಾನಿ ಬೋನ್ ಪಟ್ಟಣಕ್ಕಿಂತ ಇನ್ನೂ ಉತ್ತರದ ಶಾಂಪೇನ್ ಸೀಮೆಯೇ ಅದಕ್ಕೆ ಹತ್ತಿರ. ಸೆರೆನ್ ಎಂಬ ಸಣ್ಣ ಹೊಳೆ, ಎರಡೂ ದಡಗಳಲ್ಲಿ ಗುಡ್ಡ, ಗುಡ್ಡದ ಮೇಲೆ ಶಾರ್ಡೊನೆ ದ್ರಾಕ್ಷಿ. ಬೇರೆ ತಳಿಗೆ ಅಲ್ಲಿ ಪ್ರವೇಶವಿಲ್ಲ. ಬಿಸಿಲ ನಾಡಿನಲ್ಲಿ ಹಣ್ಣು ಮಾಗುವಾಗ ಮ್ಯಾಲಿಕ್ ಆಮ್ಲ ಬೇಗ ಕರಗುತ್ತದೆ. ಇಲ್ಲಿ ತಂಪಿನಲ್ಲಿ ನಿಧಾನವಾಗಿ ಮಾಗಿ ಹುಳಿಯನ್ನು ಉಳಿಸಿಕೊಳ್ಳುತ್ತದೆ.

ಕಾಯುವ ಚಳಿಯೇ ಕೊಲ್ಲುವುದೂ ಉಂಟು. ಏಪ್ರಿಲ್‌ನಲ್ಲಿ ಚಿಗುರು ಒಡೆದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಗಾಳಿ ಇರುವುದಿಲ್ಲ. ಬೆಳಗಿನ ಜಾವ ತಾಪಮಾನ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ವರ್ಷದ ಬೆಳೆ ಹೋಯಿತು. 2016ರಲ್ಲೂ 2021ರಲ್ಲೂ ಬೆಳೆಯ ದೊಡ್ಡ ಪಾಲು ಹೀಗೇ ಹೋಯಿತು. ಇದಕ್ಕೆ ಮುಖ್ಯ ಮದ್ದು ಎರಡು. ಒಂದು, ಸಾಲುಗಳ ನಡುವೆ ಹೆಕ್ಟೇರಿಗೆ 300–400 ದೊಡ್ಡ ಮೇಣದ ಡಬ್ಬಿಗಳನ್ನು ಹಚ್ಚಿಡುವುದು. ದೂರದಿಂದ ದೀಪೋತ್ಸವ, ಹತ್ತಿರದಿಂದ ನಿದ್ದೆಗೆಟ್ಟ ಮುಖಗಳು. ಇನ್ನೊಂದು ಕೇಳಿದರೆ ನಂಬಲಾಗದ್ದು: ಚಿಗುರಿಗೆ ನೀರು ಚಿಮುಕಿಸಿ ಬೇಕೆಂದೇ ಮಂಜುಗಡ್ಡೆ ಕಟ್ಟಿಸುವುದು. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ. ಹೆಪ್ಪುಗಟ್ಟುತ್ತಲೇ ಇರುವವರೆಗೆ ಒಳಗಿನ ಚಿಗುರು ಸೊನ್ನೆಯ ಆಸುಪಾಸಿನಲ್ಲೇ ನಿಂತು ಬದುಕುತ್ತದೆ. ಪಂಪು ನಡುವೆ ಕೈಕೊಟ್ಟರೆ ಕತೆ ತಿರುವುಮುರುವು. ಒದ್ದೆ ಆರುವಾಗ ಶಾಖವನ್ನು ಎಳೆದುಕೊಳ್ಳುತ್ತದೆ, ಚಿಗುರು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ಶುರುಮಾಡಿದವರು ಬಿಸಿಲೇರಿ ಮಂಜು ಕರಗುವ ತನಕ ನಿಲ್ಲಿಸುವಂತಿಲ್ಲ.

ಇನ್ನು ಮಣ್ಣು. ಸುಮಾರು 15 ಕೋಟಿ ವರ್ಷ ಹಿಂದೆ ಇಲ್ಲಿ ಸಮುದ್ರವಿತ್ತು. ಕಿಮ್ಮೆರಿಜಿಯನ್ ಎಂಬ ಸುಣ್ಣ-ಜೇಡಿಯ ಪದರದಲ್ಲಿ ಉಗುರಿನಷ್ಟು ಸಣ್ಣ, ಅಲ್ಪವಿರಾಮದಂತೆ ಬಾಗಿದ ಸಿಂಪಿಗಳು ಕಲ್ಲಾಗಿ ಕೂತಿವೆ. ಲೋಟದಲ್ಲಿ ಚಕಮಕಿ ಕಲ್ಲು ಉಜ್ಜಿದ ವಾಸನೆ, ತುಸು ಉಪ್ಪಿನ ಛಾಯೆ ಸಿಕ್ಕಾಗ ಎಲ್ಲರೂ ಈ ಸಿಂಪಿಗಳತ್ತ ಬೆರಳು ತೋರುತ್ತಾರೆ. ಚಂದದ ಮಾತು, ಆದರೆ ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಸಾಗಿಸುವುದಿಲ್ಲ. ಆ ಮಣ್ಣು ನೀರನ್ನು ಹಿಡಿದು ಬಿಡುವ ಬಗೆ, ಇಳಿಜಾರು, ಹುಳಿ ಇವೆಲ್ಲ ಸೇರಿ ಆದದ್ದನ್ನು ನಾಲಗೆ ‘ಕಲ್ಲು’ ಎಂದು ಕರೆಯುತ್ತಿದೆ.

ಲೇಬಲ್ಲಿನಲ್ಲಿ ದರ್ಜೆಯ ನಾಲ್ಕು ಮೆಟ್ಟಿಲು, ಕೆಳಗಿನಿಂದ ಮೇಲಕ್ಕೆ: ಪೆಟಿ ಶಾಬ್ಲಿ, ಶಾಬ್ಲಿ, ಪ್ರೀಮಿಯೆ ಕ್ರೂ, ಗ್ರಾಂ ಕ್ರೂ. ತುದಿಯದ್ದು ಬಲದಂಡೆಯ ನೈರುತ್ಯಕ್ಕೆ ಮುಖಮಾಡಿದ ಒಂದೇ ಗುಡ್ಡದ ಸುಮಾರು 100 ಹೆಕ್ಟೇರ್, ಏಳು ತುಂಡು. ಹೊಳೆಯ ಹತ್ತಿರದ ಒಂದು ತುಂಡಿನ ಹೆಸರು ಗ್ರೆನೂಯ್, ಅಂದರೆ ಕಪ್ಪೆಗಳು. ಮೊದಲ ಬಾಟಲಿಗೆ ಅಷ್ಟು ಮೇಲೆ ಹತ್ತಬೇಕಿಲ್ಲ. ಒಳ್ಳೆಯ ತಯಾರಕರ ಪ್ರೀಮಿಯೆ ಕ್ರೂ, ಮೊಂಟೆ ದ ಟೊನೆರ್ ಎಂಬ ತೋಟದ್ದರಂಥದು, ಐದಾರು ವರ್ಷ ಕಳೆದದ್ದಾದರೆ ಧಾರಾಳ.

ಕೊಂಡವರು ಕೆಡಿಸುವುದು ಫ್ರಿಜ್ಜಿನಲ್ಲಿ. 4–5 ಡಿಗ್ರಿಯಲ್ಲಿ ಪರಿಮಳ ಮಲಗಿಬಿಡುತ್ತದೆ, ಹುಳಿಯೊಂದೇ ಎಚ್ಚರವಾಗಿರುತ್ತದೆ. ಶಾಬ್ಲಿಗೆ 10–11 ಡಿಗ್ರಿ, ಗ್ರಾಂ ಕ್ರೂಗೆ 12–14. ಅಂದರೆ ಕುಡಿಯುವುದಕ್ಕೆ ಕಾಲು ಗಂಟೆಯಿಂದ ಅರ್ಧ ಗಂಟೆ ಮೊದಲು ಹೊರಗಿಡಬೇಕು. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು, 15–20 ನಿಮಿಷ. ಬರೀ ಐಸಾದರೆ ಬಾಟಲಿಗೆ ಅಲ್ಲಲ್ಲಿ ಗಾಳಿಯೇ ತಾಗುತ್ತದೆ, ತಡವಾಗುತ್ತದೆ. ಲೋಟದ ಮೂರನೇ ಒಂದು ಭಾಗ ಸುರಿದರೆ ಸಾಕು, ಉಳಿದ ಜಾಗ ಮೂಗಿಗೆ.

ತಳದಲ್ಲಿ ಗಾಜಿನ ಚೂರಿನಂಥ ಹರಳು ಕಂಡರೆ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ಅದೇ ಹುಣಸೆಯ ಆಮ್ಲ, ಪೊಟ್ಯಾಸಿಯಮ್ ಜೊತೆ ಕೂಡಿ ತಣ್ಣಗೆ ಹರಳಾಗಿದೆ. ಬಾಟಲಿಯನ್ನು ನೇರ ನಿಲ್ಲಿಸಿ ನಿಧಾನ ಬಗ್ಗಿಸಿದರಾಯಿತು. ಜಗಳಕ್ಕೆ ಅರ್ಹವಾದದ್ದು ನೆಂದ ರಟ್ಟಿನ ವಾಸನೆ. ಅದು ಬಿರಡೆಯ ದೋಷ. ಎಳೆಯ ಬಾಟಲಿಯ ಹಸಿರುಮಿಶ್ರಿತ ತಿಳಿ ಬಣ್ಣ ಕಂದಿಗೆ ತಿರುಗಿ, ಕೊಯ್ದಿಟ್ಟ ಸೇಬಿನ ವಾಸನೆ ಬಂದಿದ್ದರೆ ಗಾಳಿ ಹೊಕ್ಕಿದೆ.

ಊಟಕ್ಕೆ ಅಲ್ಲಿ ಹಸಿ ಸಿಂಪಿ, ಮೇಕೆ ಹಾಲಿನ ಚೀಸು. ನಮ್ಮ ತಟ್ಟೆಯಲ್ಲಿ ಹುಳಿ ಮೀನುಸಾರು ಇದಕ್ಕೆ ಆಗಿಬರುವುದಿಲ್ಲ. ತಿನ್ನುವುದರ ಹುಳಿ ವೈನಿನ ಹುಳಿಗಿಂತ ಹೆಚ್ಚಾದರೆ ವೈನು ಸಪ್ಪೆಯಾಗುತ್ತದೆ. ಖಾರವಿದ್ದರೆ ವೈನಿನ ಆಲ್ಕೋಹಾಲು ಖಾರವನ್ನೇ ಕೆದಕುತ್ತದೆ. ಉಪ್ಪು, ಎಣ್ಣೆ ಇದ್ದರೆ ಮಾತ್ರ ಜೋಡಿ ಚೆನ್ನ. ಹಾಗಾಗಿ ರವೆ ಹಚ್ಚಿ ಕಾಯಿಸಿದ ಕಾಣೆ ಮೀನು, ಮೆಣಸಿನಪುಡಿ ನೆಪಮಾತ್ರಕ್ಕೆ, ಉಪ್ಪು ಒಂದು ಚಿಟಿಕೆ ಜಾಸ್ತಿ. ನಿಂಬೆಹೋಳನ್ನು ತಟ್ಟೆಯಂಚಿಗೇ ಬಿಡಿ. ಆ ಕೆಲಸಕ್ಕೆ ಲೋಟದಲ್ಲಿ ಒಬ್ಬರು ಆಗಲೇ ಬಂದು ಕೂತಿದ್ದಾರೆ.