ಕಾಯಿ ಎದ್ದು ನಿಂತಿತು, ನೀರು ಏಳಲಿಲ್ಲ

ಕೋಲಾರ ಜಿಲ್ಲೆಯಲ್ಲಿ ಸಂಭವನೀಯತೆಯ ಪಾಠ ಎರಡು ಕಡೆ ನಡೆಯುತ್ತದೆ. ಒಂದು ಹತ್ತನೇ ತರಗತಿಯಲ್ಲಿ. ಅಲ್ಲಿ ನಾಣ್ಯ ಚಿಮ್ಮುತ್ತಾರೆ, ದಾಳ ಉರುಳಿಸುತ್ತಾರೆ, ಬೇಕಾದ ಫಲಿತಾಂಶಗಳ ಸಂಖ್ಯೆಯನ್ನು ಬರಬಹುದಾದ ಎಲ್ಲ ಫಲಿತಾಂಶಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಉತ್ತರ ಸೊನ್ನೆಗೂ ಒಂದಕ್ಕೂ ನಡುವೆ ಇರಬೇಕು. ಒಂದೂಕಾಲು ಬಂದರೆ ಮೇಷ್ಟ್ರು ಕಿವಿ ಹಿಂಡುತ್ತಾರೆ. ಎರಡನೆಯ ಪಾಠ ಹೊಲದಲ್ಲಿ, ನೆಲದಡಿಯ ನೀರು ಹುಡುಕುವಾಗ. ಅಲ್ಲಿ ಭಾಗಾಕಾರದ ರಗಳೆಯೇ ಇಲ್ಲ. ಅಂಗೈ ಮೇಲೆ ಮಲಗಿದ್ದ ತೆಂಗಿನಕಾಯಿ ಎದ್ದು ನಿಂತರೆ ಉತ್ತರ ಒಂದು, ಮಲಗಿಯೇ ಇದ್ದರೆ ಸೊನ್ನೆ. ಮೊದಲ ಪಾಠದಲ್ಲಿ ಪೂರ್ಣ ಅಂಕ ಪಡೆದವರೂ ಬೋರ್‌ವೆಲ್ ಕೊರೆಸುವ ದಿನ ಎರಡನೆಯದಕ್ಕೇ ಶರಣು.

ವಿಧಾನ ನೋಡುವಂಥದ್ದು. ಕಾಯಿಯ ಜುಟ್ಟನ್ನು ಮುಂದಕ್ಕೆ ಮಾಡಿ ಅಂಗೈ ಮೇಲೆ ಮಲಗಿಸಿಕೊಂಡು ಜಲಪಂಡಿತರು ಬದುವಿನಿಂದ ಬದುವಿಗೆ ನಡೆಯುತ್ತಾರೆ. ಹಿಂದೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಸಾಗುತ್ತಾರೆ. ಒಂದು ಕಡೆ ಬೆರಳು ನಡುಗುತ್ತದೆ, ಕಾಯಿ ಏಳುತ್ತದೆ. ನಮಗೇ ತಿಳಿಯದಂತೆ ಸ್ನಾಯುಗಳು ನಡೆಸುವ ಈ ಕಿತಾಪತಿಯನ್ನು ಮನೋವಿಜ್ಞಾನ ಎಂದೋ ಗುರುತಿಸಿದೆ. ಹೊಲದಲ್ಲಿ ಅದಕ್ಕೆ ಗಂಗಮ್ಮ ಎಂದು ಕೈ ಮುಗಿಯುತ್ತಾರೆ. ಕಲ್ಲು ನೆಟ್ಟು ಅರಿಶಿನ ಕುಂಕುಮ ಹಚ್ಚಿದ ಮೇಲೆ ತೀರ್ಪು ಬರುತ್ತದೆ: ‘ಮುನ್ನೂರು ಅಡಿಗೆ ಒಂದು ಪದರ, ಏಳುನೂರ ಐವತ್ತಕ್ಕೆ ಇನ್ನೊಂದು, ಎರಡೂವರೆ ಇಂಚು ನೀರು.’ ಆ ಅರ್ಧ ಇಂಚಿನ ನಿಖರತೆಗೆ ತಲೆಬಾಗಲೇಬೇಕು.

ರಾತ್ರಿ ತಮಿಳುನಾಡಿನ ತಿರುಚೆಂಗೋಡಿನಿಂದ ಬಾವಿ ಕೊರೆಯುವ ರಿಗ್ ಲಾರಿ ಬಂದು ನಿಲ್ಲುತ್ತದೆ. ಆಳಕ್ಕಿಳಿದಂತೆ ಅಡಿಯ ದರ ಮೇಲೇರುತ್ತದೆ. ಬೆಳಗಾಗುವಷ್ಟರಲ್ಲಿ 1,200 ಅಡಿ, ಟೊಮೆಟೊ ಸಾಲುಗಳ ಮೇಲೆಲ್ಲ ಬಿಳಿ ಕಲ್ಲುಪುಡಿ. ಕೆಜಿಎಫ್‌ನಲ್ಲಿ ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಜಿಲ್ಲೆಗೆ 1,200 ಅಡಿ ಯಾವ ಲೆಕ್ಕ? ಲೆಕ್ಕ ಬರುವುದು ಸಾಲದ ಪುಸ್ತಕದಲ್ಲಿ ಮಾತ್ರ. ನೀರೇಕೆ ಬರಲಿಲ್ಲ ಎಂದು ಪಂಡಿತರನ್ನು ಕೇಳಿದರೆ ರಿಗ್ ಎರಡಡಿ ಆಚೆ ನಿಂತಿತ್ತು, ಇನ್ನೂ ಐವತ್ತು ಅಡಿ ಇಳಿಸಬೇಕಿತ್ತು, ಯಾರೋ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರು.

ಹೀಗೆ ನೀರು ಬಂದ ಬಾವಿಗಳೆಲ್ಲ ಪಂಡಿತರ ಖಾತೆಗೆ, ಬಾರದವು ರೈತನ ಹಣೆಬರಹಕ್ಕೆ. ‘ಎಷ್ಟು ಕಡೆ ತೋರಿಸಿದ್ದೀರಿ?’ ಎಂದರೆ ‘ಲೆಕ್ಕ ಇಟ್ಟಿಲ್ಲ.’ ‘ಎಷ್ಟು ಕಡೆ ಬಂತು?’ ಎಂದರೆ ‘ತೋರಿಸಿದ ಕಡೆಯೆಲ್ಲ.’ ಕೆಳಗೆ ಛೇದವೇ ಇಲ್ಲದ ಈ ಭಿನ್ನರಾಶಿಯನ್ನು ಯಾವ ಮೇಷ್ಟ್ರೂ ಬಿಡಿಸಲಾರರು. ಕಾಗೆ ಕೂತಾಗ ಮುರಿದ ಕೊಂಬೆಯನ್ನು ಊರೆಲ್ಲ ನೋಡುತ್ತದೆ. ಮುರಿಯದ ಕೊಂಬೆಗಳ ಮೇಲೆ ದಿನವಿಡೀ ಕೂತೆದ್ದ ಕಾಗೆಗಳನ್ನು ಎಣಿಸಿದವರುಂಟೇ?

ಛೇದ ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಹತ್ತರಲ್ಲಿ ಆರು. ಭೇಷ್! ಆದರೆ ಆ ಸುತ್ತಿನಲ್ಲಿ ಎಲ್ಲಿ ಕೊರೆದರೂ ಹತ್ತರಲ್ಲಿ ಆರು ಕಡೆ ನೀರು ಬರುವುದಾದರೆ, ಮೇಕೆ ನಿಂತ ಜಾಗದಲ್ಲಿ ಕೊರೆಸಿದರೂ ಆರೇ. ಮೇಕೆ ದಕ್ಷಿಣೆ ಕೇಳುವುದಿಲ್ಲ.

ಇನ್ನು ರೈತನ ಸ್ವಂತ ಸಿದ್ಧಾಂತ: ‘ಮೂರು ಫೇಲಾಗಿವೆ, ನಾಲ್ಕನೆಯದು ಬಂದೇ ಬರಬೇಕು.’ ಇದು ಕೋಲಾರದ ಸ್ವತ್ತಲ್ಲ. 1913ರಲ್ಲಿ ಮಾಂಟೆ ಕಾರ್ಲೊ ಜೂಜುಕಟ್ಟೆಯಲ್ಲಿ ಕೆಂಪು, ಕಪ್ಪು ಮನೆಗಳ ರೂಲೆಟ್ ಚಕ್ರದಲ್ಲಿ ಚೆಂಡು ಕಪ್ಪಿನ ಮೇಲೆಯೇ ಬೀಳುತ್ತ ಹೋದಾಗ, ಇನ್ನು ಕೆಂಪೇ ಎಂದು ಜನ ದುಡ್ಡು ಸುರಿದರು. ಚೆಂಡು ಸಾಲಾಗಿ 26 ಸಲ ಕಪ್ಪಿಗೇ ಬಿದ್ದಿತು. ಚಕ್ರಕ್ಕೆ ಹಿಂದಿನದು ನೆನಪಿರುವುದಿಲ್ಲ. ನಮ್ಮ ಬಂಡೆಯಾದರೋ ಚಕ್ರಕ್ಕಿಂತ ಕಟುಕ. ಇಲ್ಲಿ ನೆಲದಡಿ ಗಟ್ಟಿ ಗ್ರಾನೈಟ್, ನೈಸ್ ಶಿಲೆ. ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಒಂದೇ ಹೊಲದಲ್ಲಿ ಮೂರು ಕಡೆ ಬಿರುಕು ಸಿಗಲಿಲ್ಲವೆಂದರೆ ನಾಲ್ಕನೆಯದರ ಸಾಧ್ಯತೆ ಹೆಚ್ಚುವುದಿರಲಿ, ತಗ್ಗುತ್ತದೆ. ಆದರೂ ನಾಲ್ಕನೆಯದಕ್ಕೆ ಒಡವೆ ಅಡವಿಡುವವರಿಗೆ ಯಾರು ಹೇಳಬೇಕು? ಪಂಡಿತರು ಹೇಳುವುದಿಲ್ಲ, ರಿಗ್‌ನವರಂತೂ ಖಂಡಿತ ಹೇಳುವುದಿಲ್ಲ.

ಈ ಶಾಸ್ತ್ರಕ್ಕೆ ಈಚೆಗೆ ವೈದ್ಯಕೀಯ ಆಧಾರವೂ ದೊರೆತಿದೆ. ರಕ್ತ ಓ ಪಾಸಿಟಿವ್ ಆಗಿದ್ದವರ ಕೈಯಲ್ಲಿ ಮಾತ್ರ ಕಾಯಿ ಏಳುತ್ತದಂತೆ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರದು ಅದೇ ಗುಂಪು. ಅಲ್ಲಿಗೆ ಶ್ರೀನಿವಾಸಪುರದ ಬಸ್ಸು ಹತ್ತಿದರೆ ಚಾಲಕ ಅಲ್ಲದಿದ್ದರೆ ನಿರ್ವಾಹಕ, ಅವನೂ ಅಲ್ಲದಿದ್ದರೆ ಪಕ್ಕದಲ್ಲಿ ಕೂತವರು ಜಲಪಂಡಿತರು. ಇಷ್ಟು ಪ್ರತಿಭೆ ಇಟ್ಟುಕೊಂಡೂ ಜಿಲ್ಲೆ ಟ್ಯಾಂಕರಿಗೆ ಕಾಯುತ್ತದೆ.

ಜರ್ಮನಿಯವರು ಇದನ್ನು ಪರೀಕ್ಷೆಗೇ ಹಚ್ಚಿದರು. 1987-88ರಲ್ಲಿ ಮ್ಯೂನಿಕ್ ಬಳಿ ಕೊಟ್ಟಿಗೆಯೊಂದರ ನೆಲ ಅಂತಸ್ತಿನಲ್ಲಿ ನೀರಿನ ಪೈಪನ್ನು ಅತ್ತಿತ್ತ ಸರಿಸುತ್ತ, ಮಹಡಿ ಮೇಲೆ ಅಲ್ಲಿನ 43 ಪಂಡಿತರನ್ನು ನಿಲ್ಲಿಸಿ, ಪೈಪ್ ಎಲ್ಲಿದೆ ಹೇಳಿ ಎಂದರು. ಒಟ್ಟು 843 ಸಲ. ಕೆಲವರಲ್ಲಿ ವಿಶೇಷ ಶಕ್ತಿ ಕಂಡಿತು ಎಂದು ಪರೀಕ್ಷಕರು ಸಂಭ್ರಮಿಸಿದರು. ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ 1999ರಲ್ಲಿ ಅದೇ ಅಂಕಿಗಳನ್ನು ಹರವಿ ಕೂತು, ಸುಮ್ಮನೆ ಊಹಿಸಿದ್ದರೂ ಹೀಗೇ ಇರುತ್ತಿತ್ತು ಎಂದು ತೋರಿಸಿದರು. 43 ಜನ ನಾಣ್ಯ ಚಿಮ್ಮಿದರೂ ಒಬ್ಬಿಬ್ಬರು ಮಹಾಪುರುಷರಾಗಿ ಕಾಣುತ್ತಾರಲ್ಲ!

ಅಂಥದ್ದೊಂದು ಪರೀಕ್ಷೆಯನ್ನು ಇಲ್ಲಿಯೂ ನಡೆಸಬಹುದು. ಆದರೆ ಪೈಪಿನಲ್ಲಿ ಹರಿಸಲು ಮೊದಲು ನೀರು ಬೇಕು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಹರಿಸುತ್ತಿರುವ ನೀರನ್ನೇ ಬಳಸೋಣ ಎಂದರೆ, ಬೆಂಗಳೂರಿನ ಕೊಳಚೆಗೆ ಮಡಿಯ ಕಾಯಿ ಏಳುವುದಿಲ್ಲ ಎಂಬ ತಕರಾರು ಈಗಲೇ ಸಿದ್ಧವಿದ್ದೀತು.