ಕೂಡಿಸುವುದು ಬೇರೆ, ಕೂಡಿಡುವುದು ಬೇರೆ

ಈಗಷ್ಟೇ ಮೀಟಿಂಗ್ ಮುಗಿಸಿ ಬಂದೆ. ತಲೆ ಕಾದ ಹಂಚಾಗಿದೆ. ನನ್ನ ಚಾಳಿ ನಿಮಗೆ ಗೊತ್ತೇ ಇದೆ, ಒಂದು ಪದ ಅಡ್ಡಾದಿಡ್ಡಿಯಾದರೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ಸಹೋದ್ಯೋಗಿಯೊಬ್ಬರು ಮೂರು ತಿಂಗಳ ದೂರುಗಳ ಲೆಕ್ಕ ತೋರಿಸುತ್ತಿದ್ದರು. ಮೊದಲ ತಿಂಗಳು 40, ಆಮೇಲೆ 25, ಆಮೇಲೆ ಬರೀ 10. ಖುಷಿಪಡುವ ವಿಷಯ ಅಲ್ವಾ? ಆದರೆ ಪರದೆ ಮೇಲಿನ ಗೆರೆ 40, 65, 75 ಅಂತ ಗುಡ್ಡ ಹತ್ತುತ್ತಿತ್ತು. ತಲೆಬರಹ ದಪ್ಪಕ್ಷರದಲ್ಲಿ: 'ಅಗ್ರಿಗೇಟ್'. ಮೇಲಿನವರು ತಿಂಗಳ ಲೆಕ್ಕವೇ ಏರುತ್ತಿದೆ ಅಂದುಕೊಂಡು ಬೈದರು. ದೂರು ಇಳಿಸಿದ ಪುಣ್ಯಾತ್ಮರೇ ಬೈಸಿಕೊಂಡರು.

ಅದು ಅಗ್ರಿಗೇಟ್ ಅಲ್ಲ ಮಾರಾಯ್ರೇ, ಅಕ್ಯುಮ್ಯುಲೇಟ್! ಒಂದು ತಿಂಗಳ ಬಿಡಿ ದೂರುಗಳನ್ನೆಲ್ಲ ಸೇರಿಸಿ 40 ಅಂತ ಒಂದೇ ಅಂಕಿ ಮಾಡಿದಿರಲ್ಲ, ಅದು ಅಗ್ರಿಗೇಟ್. ಹಳೆಯದರ ಮೇಲೆ ಹೊಸದನ್ನು ಪೇರಿಸುತ್ತಾ ಹೋದಿರಲ್ಲ, ಅದು ಅಕ್ಯುಮ್ಯುಲೇಟ್.

ಅಕ್ಯುಮ್ಯುಲೇಟ್ ಒಳಗಿರುವುದು ಲ್ಯಾಟಿನ್‌ನ 'ಕ್ಯುಮುಲಸ್', ಅಂದರೆ ರಾಶಿ. ಮೋಡಗಳನ್ನು ವಿಂಗಡಿಸಿ ಹೆಸರಿಟ್ಟ ಇಂಗ್ಲೆಂಡಿನ ಲ್ಯೂಕ್ ಹೋವರ್ಡ್ 1802ರಲ್ಲಿ ಹತ್ತಿ ಗುಡ್ಡೆಯಂಥ ಮೋಡಕ್ಕೆ ಇಟ್ಟ ಹೆಸರೂ ಅದೇ. ಅಗ್ರಿಗೇಟ್ ಒಳಗಿರುವುದು 'ಗ್ರೆಕ್ಸ್', ಅಂದರೆ ಮಂದೆ. ಚದುರಿದ ಕುರಿಗಳನ್ನು ಮಂದೆಗೆ ಸೇರಿಸುವ ಕೆಲಸ. ಮಂದೆಗೆ ಕುರುಬ ಬೇಕು. ರಾಶಿ ಸುಮ್ನೆ ಬಿಟ್ಟರೂ ಬೆಳೆಯುತ್ತದೆ, ನನ್ನ ಮೇಜಿನ ಧೂಳನ್ನು ಕೇಳಿ. ಧೂಳು ಅಗ್ರಿಗೇಟ್ ಆಯಿತು ಅಂತ ಯಾರಾದರೂ ಗೊಣಗಿದ್ದು ಕೇಳಿದ್ದೀರಾ?

ನಮ್ಮ ಕನ್ನಡಕ್ಕೆ ಇದು ಯಾವತ್ತೋ ಗೊತ್ತು. ಕೂಡಿಸಿದ್ದು ಲೆಕ್ಕ, ಕೂಡಿಟ್ಟದ್ದು ಗಂಟು. ಎರಡಕ್ಕೂ ಬೇರು 'ಕೂಡು'. ಆದರೂ ಯಾರೂ ಎಡವುವುದಿಲ್ಲ.

"ಕೊನೆಗೆ ಎರಡೂ 75 ತಾನೇ, ಯಾಕಿಷ್ಟು ರಗಳೆ?" ಅಂದರು ಪಕ್ಕದವರು. ಸರಿ, ಮೊತ್ತದ ಮಟ್ಟಿಗೆ ಒಪ್ಪಿದೆ. ಆದರೆ ಸರಾಸರಿ ತೆಗೆಯಿರಿ, 25. ಡೇಟಾಬೇಸ್‌ನವರು ಸರಾಸರಿ, ಕನಿಷ್ಠ, ಗರಿಷ್ಠ ಎಲ್ಲವನ್ನೂ ಅಗ್ರಿಗೇಟ್ ಫಂಕ್ಷನ್ (ಹಲವು ಅಂಕಿಗಳಿಂದ ಒಂದೇ ಅಂಕಿ ತೆಗೆಯುವ ಲೆಕ್ಕ) ಅಂತಲೇ ಕರೆಯುತ್ತಾರೆ. ಅಲ್ಲಿ ಯಾವ ರಾಶಿ ಬೆಳೆಯಿತು ಸ್ವಾಮಿ? ಅಕ್ಯುಮ್ಯುಲೇಟ್‌ಗೆ ನಿನ್ನೆಯ ನೆನಪು ಬೇಕು. ಸರಾಸರಿಗೆ ಯಾವುದು ಮೊದಲು ಬಂತು ಅನ್ನುವುದೇ ಬೇಕಿಲ್ಲ.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ಮಾತು ಹೇಳಿಬಿಡುತ್ತೇನೆ. ಆ ಸ್ಲೈಡ್ ಟೆಂಪ್ಲೇಟ್ ಹೋದ ವರ್ಷ ಮಾಡಿದ್ದು ನಾನೇ. ತಲೆಬರಹವೂ ನನ್ನದೇ, ತೂಕದ ಪದ ಅಂತ ಹಾಕಿದ್ದೆ. ಆ ಸಹೋದ್ಯೋಗಿ ಪಾಪ, ಅಂಕಿ ಮಾತ್ರ ಬದಲಿಸಿದ್ದರು. ಅವರು ಬೈಸಿಕೊಳ್ಳುವಾಗ ನಾನು ಬಾಯಿ ಬಿಡಲಿಲ್ಲ. ಕ್ಷಮೆ ಕೇಳುವ ಮೇಲ್ ಇನ್ನೂ ಡ್ರಾಫ್ಟ್‌ನಲ್ಲೇ ಇದೆ.